ಹೆಸರು ಬದಲಿಸಿದರೂ ಉತ್ತರ ಅದೇ! ಪ್ರಾಚೀನ ನಾಗರಿಕತೆಗಳನ್ನು ನೀವು ಹೇಗೆ ಕಲಿಸುತ್ತೀರಿ?

ಸೆವೆನ್_ಬಿ
ಹನ್ನೆರಡು ವರ್ಷದ ಮಕ್ಕಳಿಗೆ ಪ್ರಾಚೀನ ನಾಗರಿಕತೆಗಳ ಪಾಠ ಮಾಡುತ್ತಿದ್ದೇನೆ. ಮೆಸೊಪೊಟೇಮಿಯ, ಈಜಿಪ್ಟ್, ಸಿಂಧೂ ಕಣಿವೆ, ಚೀನಾ. ಆರು ವಾರದಲ್ಲಿ ನಾಲ್ಕೂ ಮುಗಿಯಬೇಕು.

ನಿನ್ನೆ ಕಿರುಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದೆ. ಈಜಿಪ್ಟ್ ಬಗ್ಗೆ ಒಬ್ಬ ಹುಡುಗ ಹೀಗೆ ಬರೆದಿದ್ದ: "ಇದು ನದಿಯ ದಡದಲ್ಲಿ ಬೆಳೆಯಿತು. ಜನರು ಕೃಷಿ ಮಾಡುತ್ತಿದ್ದರು. ಅನೇಕ ದೇವರುಗಳನ್ನು ಪೂಜಿಸುತ್ತಿದ್ದರು. ಕಲೆ ಮತ್ತು ವ್ಯಾಪಾರದಲ್ಲಿ ಮುಂದುವರಿದಿದ್ದರು." ಒಂದೂ ತಪ್ಪಿಲ್ಲ. ಪೂರ್ತಿ ಅಂಕ ಕೊಟ್ಟೆ. ಆಮೇಲೆ ಸುಮ್ನೆ ಕುತೂಹಲಕ್ಕೆ 'ಈಜಿಪ್ಟ್' ಅನ್ನುವ ಪದದ ಮೇಲೆ ಬೆರಳಿಟ್ಟು ಮುಚ್ಚಿ 'ಮೆಸೊಪೊಟೇಮಿಯ' ಅಂತ ಓದಿದೆ. ಸರಿಯಾಗೇ ಇದೆ. 'ಚೀನಾ' ಅಂದೆ. ಅದೂ ಸರಿ!

ತಪ್ಪು ಹುಡುಗನದ್ದಲ್ಲ. ಬೋರ್ಡ್ ಮೇಲೆ ಹಾಗೆ ಬರೆಸಿದ್ದು ನಾನೇ. ಇದರಿಂದ ಹೊರಗೆ ಬರೋದು ಹೇಗೆ?

ಚಾಕ್‌ಪುಡಿ
ನಿಮ್ಮ ಬೆರಳು ಪರೀಕ್ಷೆಯನ್ನು ನಾನು ಕೊಟ್ಟ ನೋಟ್ಸ್ ಮೇಲೂ ಮಾಡಿ ನೋಡಿದೆ. ನಾಲ್ಕಕ್ಕೆ ನಾಲ್ಕೂ ಫೇಲ್. ಈಗ ಮಾತಾಡುವ ಸ್ಥಿತಿಯಲ್ಲಿಲ್ಲ.

ಮಣ್ಣುಮುದ್ದೆ
ಅಧ್ಯಾಯ ಹಿಡಿಯಬೇಡಿ, ಒಂದು ವಸ್ತು ಹಿಡಿಯಿರಿ.

ನಾನು ಮೆಸೊಪೊಟೇಮಿಯ ಶುರು ಮಾಡುವುದು ಒಂದು ಜಗಳದಿಂದ. ಊರ್ ನಗರದಲ್ಲಿ ಈಯಾ-ನಾಸಿರ್ ಅಂತ ಒಬ್ಬ ತಾಮ್ರದ ವ್ಯಾಪಾರಿ. ನಾನಿ ಅನ್ನುವವನು ಅವನಿಗೆ ಬರೆಸಿದ ದೂರಿನ ಪತ್ರ ಸಿಕ್ಕಿದೆ. ಕ್ರಿ.ಪೂ. 1750ರ ಆಸುಪಾಸಿನದು. ಅಂಗೈಯಲ್ಲಿ ಹಿಡಿಯಬಹುದಾದ ಜೇಡಿಮಣ್ಣಿನ ಹಲಗೆ, ಎತ್ತರ 11.6 ಸೆಂ.ಮೀ. ಅಷ್ಟೇ. ಒಳ್ಳೆ ತಾಮ್ರ ಕೊಡುತ್ತೇನೆ ಅಂದು ಕಳಪೆ ಗಟ್ಟಿ ಮುಂದಿಟ್ಟೆ, ನನ್ನ ಆಳಿಗೆ "ಬೇಕಿದ್ದರೆ ತಗೋ, ಬೇಡದಿದ್ದರೆ ಹೋಗು" ಅಂದೆ, ಅವನು ಶತ್ರುಗಳ ಸೀಮೆ ದಾಟಿ ಬಂದು ಬರಿಗೈಲಿ ವಾಪಸ್ ಬರಬೇಕಾಯಿತು, ನನ್ನನ್ನು ಏನಂದುಕೊಂಡಿದ್ದೀಯ? ಇದು ಅದರ ಸಾರ.

ಹೆಸರು, ಇಸವಿ ಏನೂ ಹೇಳದೆ ಓದಿ. "ಆನ್‌ಲೈನ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬರೆದ ರಿವ್ಯೂ" ಅಂತ ಮಕ್ಕಳು ಕೂಗುತ್ತಾರೆ. ಆಮೇಲೆ ಹಲಗೆಯ ಫೋಟೊ ತೋರಿಸಿ. ಪ್ರಶ್ನೆಗಳು ತಾವಾಗೇ ಬರುತ್ತವೆ. ಕಾಗದ ಇರಲಿಲ್ವಾ? ತಾಮ್ರಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಅಲ್ಲಿಗೆ ಪಾಠ ಬಂದೇ ಬಿಟ್ಟಿತು. ಆ ಬಯಲಿನಲ್ಲಿ ಇದ್ದದ್ದು ಮಣ್ಣು, ನೀರು, ಜೊಂಡು. ಲೋಹ ಇಲ್ಲ, ಒಳ್ಳೆ ಮರ ಇಲ್ಲ, ಕಲ್ಲೂ ಅಪರೂಪ. ಎಲ್ಲ ಹೊರಗಿನಿಂದ ಬರಬೇಕು. ಅದಕ್ಕೇ ವ್ಯಾಪಾರ, ಅದಕ್ಕೇ ಲೆಕ್ಕ, ಲೆಕ್ಕಕ್ಕೆ ಬರವಣಿಗೆ. ಈಗ ಬೆರಳಿಟ್ಟು 'ಈಜಿಪ್ಟ್' ಅಂತ ಓದಿ. ಹೊಂದುವುದಿಲ್ಲ.

ಹಳೇಮೇಷ್ಟ್ರು
ಮೂವತ್ತು ವರ್ಷ ಇದೇ ಪಾಠ ಮಾಡಿ ನಿವೃತ್ತನಾದವನು ನಾನು. ಒಂದು ಎಚ್ಚರಿಕೆ ಹೇಳುತ್ತೇನೆ, ಬೇಜಾರಾಗಬೇಡಿ. ಕಥೆ ಚೆನ್ನಾಗಿರುತ್ತದೆ, ಮಕ್ಕಳು ನಗುತ್ತಾರೆ, ಗಂಟೆ ಹೊಡೆಯುತ್ತದೆ. ಮೂರು ತಿಂಗಳಾದ ಮೇಲೆ ಕೇಳಿದರೆ ಕಥೆ ನೆನಪಿರುತ್ತದೆ, ಅದು ಎಲ್ಲಿ, ಯಾವಾಗ ಅನ್ನುವುದು ಮಾತ್ರ ಇರುವುದಿಲ್ಲ. ಪಿರಮಿಡ್ ಕಟ್ಟುವಾಗ ಕ್ಲಿಯೋಪಾತ್ರ ನಿಂತು ನೋಡುತ್ತಿದ್ದಳು ಅಂತ ಬರೆದವರನ್ನು ನಾನು ನೋಡಿದ್ದೇನೆ. ಒಬ್ಬರಲ್ಲ, ಅರ್ಧ ಕ್ಲಾಸು.

ಮೊದಲು ಚೌಕಟ್ಟು, ಆಮೇಲೆ ಕಥೆ. ನಿಮ್ಮ ಹುಡುಗ ಬರೆದ ನಾಲ್ಕು ಸಾಲನ್ನು ಅಷ್ಟು ಹಗುರವಾಗಿ ನೋಡಬೇಡಿ. ಅದು ಚೌಕಟ್ಟು.

ಮಣ್ಣುಮುದ್ದೆ
ಮೇಷ್ಟ್ರೇ, ಚೌಕಟ್ಟು ಬೇಡ ಅಂದೋರು ಯಾರು? ಚೌಕಟ್ಟಿಗೆ ಚಿತ್ರ ಹಾಕದೆ ಗೋಡೆಗೆ ನೇತು ಹಾಕುತ್ತಿದ್ದೇವೆ ಅನ್ನುವುದೇ ದೂರು.

ಗಣಿತದಮೇಡಂ
ಕ್ಲಿಯೋಪಾತ್ರ ವಿಷಯ ಬಂತಲ್ಲ, ನಾನು ನುಗ್ಗುತ್ತೇನೆ. ಸಮಾಜದ ಟೀಚರ್ ಜೊತೆ ಸೇರಿ ವರ್ಷಕ್ಕೊಮ್ಮೆ ಹಗ್ಗದ ಆಟ ಮಾಡುತ್ತೇನೆ. 1 ಸೆಂ.ಮೀ. ಅಂದರೆ 10 ವರ್ಷ. ಐದು ಮೀಟರ್ ಹಗ್ಗ, ಐದು ಸಾವಿರ ವರ್ಷ. ವರಾಂಡದಲ್ಲಿ ಕಟ್ಟಿದರೆ ಆಯಿತು.

ಒಂದು ತುದಿ ಇವತ್ತು. ಮೊದಲ ಕ್ಲಿಪ್ ಅಜ್ಜಿ ಹುಟ್ಟಿದ ವರ್ಷಕ್ಕೆ. ಅದು ತುದಿಯಿಂದ ಏಳೇ ಸೆಂ.ಮೀ. ದೂರದಲ್ಲಿ ಬರುತ್ತದೆ. ಇಷ್ಟೇನಾ ಅಂತ ಮಕ್ಕಳಿಗೆ ಆಶ್ಚರ್ಯ. ಕ್ಲಿಯೋಪಾತ್ರ ಸತ್ತದ್ದು ಕ್ರಿ.ಪೂ. 30. ಆ ಕ್ಲಿಪ್ ಎರಡು ಮೀಟರ್ ದಾಟಿದ ಕೂಡಲೇ. ಖುಫುವಿನ ದೊಡ್ಡ ಪಿರಮಿಡ್ ಕ್ರಿ.ಪೂ. 2560ರ ಸುಮಾರಿಗೆ, ಅಂದರೆ ಹತ್ತಿರ ಹತ್ತಿರ 4.6 ಮೀಟರ್. ಈಗ ಒಂದು ಮಗುವನ್ನು ಕ್ಲಿಯೋಪಾತ್ರ ಕ್ಲಿಪ್ ಹತ್ತಿರ ನಿಲ್ಲಿಸಿ ಕೇಳಿ: ನಿನಗೆ ಯಾವುದು ಹತ್ತಿರ, ಪಿರಮಿಡ್ಡಾ, ನಾವಾ? ಸ್ಕೇಲ್ ತಂದು ಅಳೆದೇ ನಂಬುತ್ತಾರೆ.

ಕೊನೇಬೆಂಚು
ನಾನು ಟೀಚರ್ ಅಲ್ಲ, ಸುಮ್ನೆ ಓದುತ್ತಿದ್ದೆ. ಏಳನೇ ಕ್ಲಾಸಿನಿಂದ ಇರುವ ಒಂದು ಡೌಟು ಕೇಳಲಾ? ಸಿಂಧೂ ಕಣಿವೆಯವರ ಕಾಲ ಕ್ರಿ.ಪೂ. 2600ರಿಂದ 1900ರವರೆಗೆ ಅಂತಾರಲ್ಲ, ಅದು ಯಾಕೆ ಹಿಂದಕ್ಕೆ ಎಣಿಸೋದು? ಅವರಿಗೆ ಗೊತ್ತಿತ್ತಾ ಮುಂದೆ ಸೊನ್ನೆ ಬರುತ್ತೆ ಅಂತ?

ಗಣಿತದಮೇಡಂ
ಪಾಪ, ಅವರಿಗೆ ಏನು ಗೊತ್ತಿರುತ್ತದೆ! ಅವರ ಲೆಕ್ಕವೇ ಬೇರೆ, "ಇಂಥ ರಾಜನ ಇಷ್ಟನೇ ವರ್ಷ" ಅಂತ. ನಾವು ಆಮೇಲೆ ಕೂತು ಹಿಂದಕ್ಕೆ ಎಣಿಸಿದ್ದು. ಇನ್ನೊಂದು ತಮಾಷೆ ಏನೆಂದರೆ, ಆ ಸೊನ್ನೆ ಇಲ್ಲವೇ ಇಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಹಾಗಾಗಿ ಕ್ರಿ.ಪೂ. 10ರಿಂದ ಕ್ರಿ.ಶ. 10ಕ್ಕೆ 20 ವರ್ಷ ಅಲ್ಲ, 19. ಇದನ್ನು ಹೇಳಿದ ದಿನ ಮಕ್ಕಳು ಬಿಡುವಿನಲ್ಲೂ ನನ್ನ ಹಿಂದೆ ಬಂದು ಜಗಳ ಆಡುತ್ತಾರೆ.

ಪ್ರಶ್ನಾರ್ಥಕ
ಕ್ರಿ.ಪೂ. ಅಲ್ಲ, ಈಗ ಸಾ.ಶ.ಪೂ. ಅಂತ ಬರೆಯಬೇಕು. ಸಾಮಾನ್ಯ ಶಕ ಪೂರ್ವ.

ಹಳೇಮೇಷ್ಟ್ರು
ಎಣಿಕೆ ಅದೇ, ಬೋರ್ಡು ಮಾತ್ರ ಹೊಸದು. ಎರಡೂ ಹೇಳಿಕೊಡಿ, ಮುಂದಕ್ಕೆ ಹೋಗಿ.

ಎರಡುಮಕ್ಕಳಅಮ್ಮ
ಪೋಷಕರ ಕಡೆಯಿಂದ ಒಂದು ಮಾತು. ದಯವಿಟ್ಟು "ಮನೆಯಲ್ಲಿ ಪಿರಮಿಡ್ ಮಾಡಿಕೊಂಡು ಬನ್ನಿ" ಅನ್ನಬೇಡಿ. ದೊಡ್ಡವಳ ಪಿರಮಿಡ್ ಮಾಡಿದ್ದು ನಾನು. ರಾತ್ರಿ ಹನ್ನೊಂದು ಗಂಟೆಗೆ ಸಕ್ಕರೆ ಅಚ್ಚು ಒಂದೊಂದೇ ಅಂಟಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳು ಸಾಲಾಗಿ ಬಂದು ಮೇಲಿನ ಎರಡು ವರಸೆ ಬಿಚ್ಚುತ್ತಿವೆ. ಮಗಳು ಅದರಿಂದ ಕಲಿತದ್ದು ಏನು ಅಂದರೆ, ಅಂಟು ಒಣಗಲು ಟೈಮ್ ಬೇಕು.

ಅದರ ಪಕ್ಕ "ಲಕ್ಷಾಂತರ ಗುಲಾಮರು ಕಟ್ಟಿದರು" ಅಂತ ಚಾರ್ಟ್ ಬೇರೆ. ಅದನ್ನು ಬರೆದದ್ದೂ ನಾನೇ.

ಲೈಬ್ರರಿಮೂಲೆ
ಇರುವೆಗಳ ವಿಷಯಕ್ಕೆ ಸಂತಾಪ ಮೇಡಂ. ಆದರೆ ಚಾರ್ಟ್ ತಪ್ಪು. ಗಿಜಾದಲ್ಲಿ 1990ರಲ್ಲಿ ಪಿರಮಿಡ್ ಕೆಲಸಗಾರರ ಸಮಾಧಿಗಳೇ ಸಿಕ್ಕವು, ಪಿರಮಿಡ್‌ಗೆ ಹತ್ತಿರದಲ್ಲೇ. ಅವರ ವಸತಿ, ರೊಟ್ಟಿ ಸುಡುತ್ತಿದ್ದ ಜಾಗ ಎಲ್ಲ ಅಗೆದು ನೋಡಿದ್ದಾರೆ. ಮೂಳೆ ಮುರಿದವರಿಗೆ ಆರೈಕೆ ಮಾಡಿ ಕೂಡಿಸಿದ ಗುರುತುಗಳೂ ಇವೆ. ಗುಲಾಮರನ್ನು ರಾಜನ ಪಕ್ಕ ಹೂಳುವುದಿಲ್ಲ, ಅಲ್ವಾ?

2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಮೆರೆರ್ ಅನ್ನುವ ಮೇಲ್ವಿಚಾರಕನ ದಿನಚರಿ ಸಿಕ್ಕಿತು. ಬರಹ ಇರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತಿ ಹಳೆಯವು ಅವೇ. ಇವತ್ತು ತುರಾದ ಕಲ್ಲುಗಣಿಯಲ್ಲಿ ಸುಣ್ಣದಕಲ್ಲು ತುಂಬಿಕೊಂಡೆವು, ಇವತ್ತು ದೋಣಿಯಲ್ಲಿ ಹೊರಟೆವು, ಇವತ್ತು ಗಿಜಾ ಸೇರಿದೆವು. ಬರೀ ಇಷ್ಟೇ. ಲಾರಿ ಡ್ರೈವರ್ ಟ್ರಿಪ್ ಶೀಟ್ ಇದ್ದ ಹಾಗೆ. ಹಾಗಂತ ಎಲ್ಲರೂ ಖುಷಿಯಿಂದ ಬಂದರು ಅಂತಲೂ ಹೇಳಬೇಡಿ. ಸರ್ಕಾರ ಕರೆದರೆ ಬಂದು ದುಡಿಯಲೇಬೇಕಾದ ಪದ್ಧತಿ ಇತ್ತು. ಗುಲಾಮನೂ ಅಲ್ಲ, ಪೂರ್ತಿ ಸ್ವತಂತ್ರನೂ ಅಲ್ಲ. ಈ ನಡುವಿನ ಸ್ಥಿತಿ ಹನ್ನೆರಡು ವರ್ಷದವರಿಗೆ ಚೆನ್ನಾಗೇ ಅರ್ಥವಾಗುತ್ತದೆ.

ಪ್ರಶ್ನಾರ್ಥಕ
ಗುಲಾಮರು ಪರವಾಗಿಲ್ಲ. ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಒಬ್ಬ ಎದ್ದು ನಿಲ್ಲುತ್ತಾನೆ: "ಸರ್, ಏಲಿಯನ್ ಕಟ್ಟಿದ್ದು ಅಂತ ವಿಡಿಯೊದಲ್ಲಿ ಹೇಳಿದ್ದಾರೆ."

ಮೊದಲೆಲ್ಲ ಬೈದು ಕೂರಿಸುತ್ತಿದ್ದೆ. ಬೈದರೆ ಅವನ ನಂಬಿಕೆ ಇನ್ನೂ ಗಟ್ಟಿ. ಈಗ ಮೊದಮೊದಲ ಪಿರಮಿಡ್‌ಗಳನ್ನು, ಕೆಟ್ಟುಹೋದವನ್ನೂ ಸೇರಿಸಿ, ತೋರಿಸುತ್ತೇನೆ. ಮೊದಲು ಜೋಸರ್ ಕಟ್ಟಿಸಿದ ಮೆಟ್ಟಿಲು ಪಿರಮಿಡ್. ಆಮೇಲೆ ಮೈದುಮ್, ಅದರ ಹೊರ ಹೊದಿಕೆ ಕುಸಿದು ಕಲ್ಲಿನ ರಾಶಿಯ ನಡುವೆ ಮೊಂಡು ಗೋಪುರ ನಿಂತಿದೆ. ಆಮೇಲೆ ದಹಶೂರಿನ ಬಾಗಿದ ಪಿರಮಿಡ್. ಕೆಳಗೆ ಸುಮಾರು 54 ಡಿಗ್ರಿಯಲ್ಲಿ ಏರುತ್ತಾ ಹೋಗಿ, ಅರ್ಧದಲ್ಲಿ 43ಕ್ಕೆ ಇಳಿಸಿದ್ದಾರೆ. ದೂರದಿಂದಲೇ ಸೊಂಟ ಮುರಿದ ಹಾಗೆ ಕಾಣುತ್ತದೆ. ಅದಾದ ಮೇಲೆ ಅದೇ ರಾಜ ಸ್ನೆಫೆರು ಕೆಂಪು ಪಿರಮಿಡ್ಡನ್ನು ಶುರುವಿನಿಂದಲೇ 43 ಡಿಗ್ರಿಯಲ್ಲಿ ಕಟ್ಟಿಸಿದ. ಅವನ ಮಗನೇ ಖುಫು.

ಕಳೆದ ಬಾರಿ ಆ ಏಲಿಯನ್ ಹುಡುಗ ಬಾಗಿದ ಪಿರಮಿಡ್ ಚಿತ್ರವನ್ನು ಬಹಳ ಹೊತ್ತು ನೋಡಿದ. "ಏಲಿಯನ್ ಆಗಿದ್ರೆ ಕೋನ ತಪ್ಪುತ್ತಿರಲಿಲ್ಲ ಬಿಡಿ ಸರ್" ಅಂದ. ನಾನು ಏನೂ ಹೇಳಿರಲಿಲ್ಲ!

ಚಾಕ್‌ಪುಡಿ
ಚೇತರಿಸಿಕೊಂಡೆ. ಈಜಿಪ್ಟ್‌ಗೆ ನನ್ನದೊಂದು ಸೇರಿಸಿ: ಹಾಜರಿ ಪುಸ್ತಕ. ರಾಜರ ಗೋರಿ ಕೊರೆಯುತ್ತಿದ್ದ ಕುಶಲಕರ್ಮಿಗಳ ಊರು ದೇರ್ ಎಲ್-ಮದೀನ. ಅಲ್ಲಿ ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಒಂದು ಸುಣ್ಣದಕಲ್ಲಿನ ಚಕ್ಕೆ ಮೇಲೆ ಬರೆದಿಟ್ಟಿದ್ದಾರೆ. ಎರಡನೇ ರಾಮ್ಸೆಸ್ ಕಾಲದ್ದು, ಕ್ರಿ.ಪೂ. 1250ರ ಸುಮಾರು. ಹುಷಾರಿಲ್ಲ. ಕಣ್ಣು ನೋವು. ಚೇಳು ಕಡಿಯಿತು. ಬಿಯರ್ ತಯಾರಿಸುತ್ತಿದ್ದಾನೆ. ತಾಯಿಯ ಶವ ಸಂಸ್ಕಾರ.

ನಮ್ಮ ಕ್ಲಾಸಿನ ರಜಾ ಅರ್ಜಿಗಳನ್ನು ಪಕ್ಕದಲ್ಲಿಟ್ಟು ಓದಿಸಿದೆ. ಹೊಟ್ಟೆನೋವು ಎರಡೂ ಕಡೆ ಜಾಸ್ತಿ ಇರುತ್ತೆ ಅಂದುಕೊಂಡಿದ್ದರು. ಚೇಳು ಬಂದಾಗ ಎಲ್ಲರೂ ಸುಮ್ಮನಾದರು.

ಎರಡುಮಕ್ಕಳಅಮ್ಮ
ಬಿಯರ್ ಬಗ್ಗೆ ಮಕ್ಕಳಿಗೆ ಹೇಳಲೇಬೇಕಾ?

ಚಾಕ್‌ಪುಡಿ
ಅಲ್ಲಿ ಕೂಲಿಯನ್ನೇ ರೊಟ್ಟಿ, ಬಿಯರ್ ಲೆಕ್ಕದಲ್ಲಿ ಕೊಡುತ್ತಿದ್ದರು ಮೇಡಂ. ಮುಚ್ಚಿಟ್ಟರೆ ಅದೊಂದೇ ನೆನಪಿರುತ್ತದೆ, ನಿಮಗೂ ಗೊತ್ತು.

ಹಳೇಮೇಷ್ಟ್ರು
ಸರಿ, ಒಪ್ಪಿದೆ. ಮೆಸೊಪೊಟೇಮಿಯಕ್ಕೆ ದೂರಿನ ಪತ್ರ ಇದೆ, ಈಜಿಪ್ಟ್‌ಗೆ ಹಾಜರಿ ಇದೆ. ಸಿಂಧೂ ಕಣಿವೆಗೆ ಏನು ಮಾಡುತ್ತೀರಿ? ಲಿಪಿ ಓದಲು ಬರುವುದಿಲ್ಲ. ಒಬ್ಬನ ಹೆಸರೂ ಗೊತ್ತಿಲ್ಲ. ಕೊನೆಗೆ ಚರಂಡಿ, ಸ್ನಾನದ ಕೊಳ, ಸುಟ್ಟ ಇಟ್ಟಿಗೆ ಅಂತ ಪಟ್ಟಿ ಮಾಡಿಸುವುದೇ ಗತಿ. ಈ ಪ್ರಶ್ನೆ ನನ್ನನ್ನು ಮೂವತ್ತು ವರ್ಷ ಕಾಡಿದೆ. ತಮಾಷೆಗೆ ಕೇಳುತ್ತಿಲ್ಲ.

ಲೈಬ್ರರಿಮೂಲೆ
ಮೇಷ್ಟ್ರೇ, ಓದಲು ಬರುವುದಿಲ್ಲ ಅನ್ನುವುದನ್ನೇ ಪಾಠ ಮಾಡಿ. ಈಜಿಪ್ಟ್ ಲಿಪಿಗೆ 1799ರಲ್ಲಿ ರೊಸೆಟ್ಟಾ ಕಲ್ಲು ಸಿಕ್ಕಿತು. ಒಂದೇ ಆಜ್ಞೆ ಮೂರು ಲಿಪಿಯಲ್ಲಿತ್ತು, ಅದರಲ್ಲಿ ಗ್ರೀಕ್ ಗೊತ್ತಿತ್ತು. 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಬಿಡಿಸಿದ. ಸಿಂಧೂ ಲಿಪಿಗೆ ಅಂಥ ಜೋಡಿ ಬರಹ ಇನ್ನೂ ಸಿಕ್ಕಿಲ್ಲ. ಇರುವ ಬರಹಗಳೂ ಪುಟ್ಟವು, ಸರಾಸರಿ ಐದೇ ಚಿಹ್ನೆ.

ಇದನ್ನು ಹೇಳಬೇಡಿ, ಮಾಡಿಸಿ. ಯಾವ ಚಿಹ್ನೆ ಏನು ಅಂತ ತಿಳಿಸದೆ ಒಂದು ಗುಪ್ತ ಲಿಪಿ ಮಾಡಿ. ಅರ್ಧ ಕ್ಲಾಸಿಗೆ ಉದ್ದ ಪ್ಯಾರಾ, ಇನ್ನರ್ಧಕ್ಕೆ ಐದು ಚಿಹ್ನೆ. ಮೊದಲ ಗುಂಪು ಹೇಗೋ ಒದ್ದಾಡಿ ಬಿಡಿಸುತ್ತದೆ. ಎರಡನೆಯದು ಇಪ್ಪತ್ತು ನಿಮಿಷ ತಲೆ ಕೆರೆದುಕೊಂಡು "ಮೋಸ ಸರ್" ಅನ್ನುತ್ತದೆ. ಆಗ ಸಿಂಧೂ ಲಿಪಿ ಇರುವ ಮುದ್ರೆಯ ಚಿತ್ರ ತೋರಿಸಿ.

ಒಬ್ಬನ ಹೆಸರೂ ಇಲ್ಲ ಅಂದಿರಿ. ಮೆಸೊಪೊಟೇಮಿಯದ ಅಕ್ಕಾಡ್ ರಾಜರ ಕಾಲದ ಒಂದು ಉರುಳೆ ಮುದ್ರೆ ಇದೆ, ಈಗ ಲೂವ್ರ್ ಮ್ಯೂಸಿಯಂನಲ್ಲಿ. "ಶು-ಇಲಿಶು, ಮೆಲುಹ್ಹದ ಭಾಷೆಯ ದುಭಾಷಿ" ಅಂತ ಅದರಲ್ಲಿದೆ. ಮೆಲುಹ್ಹ ಅಂದರೆ ಸಿಂಧೂ ಸೀಮೆ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವನೇ ಸಿಂಧೂ ಕಣಿವೆಯವನು ಅಂತ ಅಲ್ಲ, ಆದರೆ ಆ ಭಾಷೆ ಗೊತ್ತಿದ್ದವನು ಒಬ್ಬ ಇದ್ದ. ಅವನನ್ನು ಒಂದು ಗಂಟೆ ಕೂರಿಸಿಕೊಂಡಿದ್ದರೆ!

ಹಳೇಮೇಷ್ಟ್ರು
ಈ ದುಭಾಷಿ ವಿಷಯ ನನಗೆ ಗೊತ್ತಿರಲಿಲ್ಲ. ಮೊದಲೇ ಗೊತ್ತಿದ್ದರೆ ಒಂದು ಪೂರ್ತಿ ಪೀರಿಯಡ್ ಅವನಿಗೇ ಕೊಡುತ್ತಿದ್ದೆ.

ಗಣಿತದಮೇಡಂ
ಸಿಂಧೂ ಕಣಿವೆ ನನಗೆ ಬಿಟ್ಟುಕೊಡಿ. ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4. ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ ಅದೇ. ಘನಾಕಾರದ ತೂಕದ ಕಲ್ಲುಗಳು 1, 2, 4, 8, 16, 32, 64 ಅಂತ ದುಪ್ಪಟ್ಟಾಗುತ್ತಾ ಹೋಗುತ್ತವೆ. 16ರ ಕಲ್ಲು ಸುಮಾರು 13.7 ಗ್ರಾಂ. ಅರಮನೆ ಅಂತ ಖಚಿತವಾಗಿ ಹೇಳುವಂಥ ಒಂದು ಕಟ್ಟಡವೂ ಸಿಕ್ಕಿಲ್ಲ, ರಾಜ ಇದ್ದನೋ ಇಲ್ಲವೋ ತಿಳಿಯದು. ಹಾಗಾದರೆ ಇಷ್ಟು ಊರುಗಳು ಒಂದೇ ಅಳತೆಗೆ ಒಪ್ಪಿದ್ದು ಹೇಗೆ? ಈ ಒಂದು ಪ್ರಶ್ನೆ ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಂತುಬಿಡಿ.

ಮಣ್ಣುಮುದ್ದೆ
'ಪುರೋಹಿತ ರಾಜ'ನನ್ನು ಮರೆಯಬೇಡಿ. 17.5 ಸೆಂ.ಮೀ. ಕಲ್ಲಿನ ಪ್ರತಿಮೆ. ಅವನು ಪುರೋಹಿತ ಅನ್ನುವುದಕ್ಕೆ ಪುರಾವೆ ಇಲ್ಲ, ರಾಜ ಅನ್ನುವುದಕ್ಕೂ ಇಲ್ಲ. ಅಗೆದವರು ಇಟ್ಟ ಹೆಸರು. ಹೆಸರು ಮುಚ್ಚಿ, ಕಂಡದ್ದನ್ನು ಮಾತ್ರ ಬರೆದು ಮ್ಯೂಸಿಯಂ ಚೀಟಿ ಮಾಡಿ ಅಂದೆ. ಒಬ್ಬಳು ಬರೆದದ್ದು ಇನ್ನೂ ಇಟ್ಟುಕೊಂಡಿದ್ದೇನೆ: "ಗಡ್ಡ ಇದೆ, ಮೀಸೆ ಇಲ್ಲ. ಒಂದು ಭುಜಕ್ಕೆ ಹೊದ್ದ ಬಟ್ಟೆ. ಬಟ್ಟೆ ಮೇಲೆ ಮೂರು ಎಸಳಿನ ಚಿತ್ತಾರ. ಹಣೆಗೆ ಪಟ್ಟಿ. ಕಣ್ಣು ಅರ್ಧ ಮುಚ್ಚಿದೆ. ಧ್ಯಾನ ಇರಬಹುದು, ನಿದ್ದೆಯೂ ಇರಬಹುದು."

ಪ್ರಶ್ನಾರ್ಥಕ
ಇದೆಲ್ಲ ಸರಿ, ಆದರೆ ಯಾವುದು ಎಲ್ಲಕ್ಕಿಂತ ಹಳೆಯದು ಅಂತ ಮಕ್ಕಳು ಕೇಳುತ್ತಾರೆ. ಪೋಷಕರು ಇನ್ನೂ ಜೋರಾಗಿ ಕೇಳುತ್ತಾರೆ.

ಲೈಬ್ರರಿಮೂಲೆ
ಯಾವುದರಲ್ಲಿ ಹಳೆಯದು ಅಂತ ತಿರುಗಿ ಕೇಳಿ. ಬರವಣಿಗೆಯಲ್ಲಾ? ಮೆಸೊಪೊಟೇಮಿಯದ ಉರುಕ್‌ನಲ್ಲಿ ಕ್ರಿ.ಪೂ. 3200ರ ಹೊತ್ತಿಗೆ ಇತ್ತು, ಈಜಿಪ್ಟ್‌ನಲ್ಲೂ ಹೆಚ್ಚುಕಮ್ಮಿ ಅದೇ ಕಾಲ. ದೊಡ್ಡ ಕಲ್ಲಿನ ಕಟ್ಟಡದಲ್ಲಾ? ಟರ್ಕಿಯ ಗೊಬೆಕ್ಲಿ ತೆಪೆ ಕ್ರಿ.ಪೂ. 9500ರ ಸುಮಾರಿನದು, ಆಗ ಅಲ್ಲಿ ಊರೂ ದೊಡ್ಡದಿಲ್ಲ, ಲಿಪಿಯೂ ಇಲ್ಲ. ಓಟದ ಪಂದ್ಯ ಮಾಡಿದರೆ ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ ಅಷ್ಟೇ.

ಕೊನೇಬೆಂಚು
ನಮ್ಮ ಟೀಚರ್ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಇಟ್ಟುಕೊಂಡು ಕೋರ್ಟ್ ಮಾಡಿಸಿದ್ದರು. ಸೂಸಾದಲ್ಲಿ 1901ರಲ್ಲಿ ಸಿಕ್ಕ ಆ ಕಪ್ಪು ಕಲ್ಲು, 2.25 ಮೀಟರ್, 282 ಕಾನೂನು. ಇಷ್ಟು ವರ್ಷ ಆದರೂ ಬಾಯಿಪಾಠ. ನಾನು ನ್ಯಾಯಾಧೀಶ. ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಎಲ್ಲರೂ ಹೋ ಅಂದೆವು. ಮಾಲೀಕನ ಮಗ ಸತ್ತರೆ? ಕಟ್ಟಿದವನ ಮಗನನ್ನು ಕೊಲ್ಲಬೇಕು. ಮಗನ ಪಾತ್ರ ಮಾಡಿದ್ದ ಹುಡುಗ "ನಾನೇನು ಮಾಡಿದೆ?" ಅಂತ ಕೇಳಿದ. ಅವನದ್ದು ನಾಟಕದ ಮಾತಲ್ಲ, ನಿಜವಾಗಲೂ ಕೇಳಿದ. ಆಮೇಲೆ ಟೀಚರ್ ಇನ್ನೊಂದು ಓದಿದರು: ಸಮಾನ ಅಂತಸ್ತಿನವನ ಕಣ್ಣು ತೆಗೆದರೆ ಕಣ್ಣು, ಗುಲಾಮನ ಕಣ್ಣು ತೆಗೆದರೆ ಅವನ ಅರ್ಧ ಬೆಲೆ ಕೊಟ್ಟರೆ ಸಾಕು. ಆ ದಿನ ಕೊನೇ ಬೆಂಚೂ ಗಲಾಟೆ ಮಾಡಲಿಲ್ಲ.

ಹಳೇಮೇಷ್ಟ್ರು
ಚೀನಾವನ್ನು ಎಲ್ಲರೂ ಮರೆತಿರಿ. ಯಾವಾಗಲೂ ಹೀಗೇ, ಕೊನೆಯ ಅಧ್ಯಾಯ, ಟೈಮ್ ಇರುವುದಿಲ್ಲ.

ಶಾಂಗ್ ಅರಸರು ಪ್ರಶ್ನೆ ಕೇಳಿ ಎತ್ತಿನ ಹಲಗೆಮೂಳೆ, ಆಮೆ ಚಿಪ್ಪನ್ನು ಬಿಸಿ ಮಾಡುತ್ತಿದ್ದರು. ಬಿರುಕು ನೋಡಿ ಉತ್ತರ. ಪ್ರಶ್ನೆಯನ್ನು ಅದರ ಮೇಲೇ ಕೊರೆಯುತ್ತಿದ್ದರು. ಮಳೆ ಬರುತ್ತದಾ, ಯುದ್ಧ ಗೆಲ್ಲುತ್ತೇವಾ, ರಾಜನ ಹಲ್ಲುನೋವಿಗೆ ಯಾವ ಹಿರಿಯರ ಸಿಟ್ಟು ಕಾರಣ? ರಾಜ ವೂ ದಿಂಗ್‌ನ ಹೆಂಡತಿ ಫು ಹಾವ್ ಬಸುರಿ. ಹೆರಿಗೆ ಚೆನ್ನಾಗಿ ಆಗುತ್ತದಾ ಅಂತ ಕೇಳಿದ್ದಾರೆ. ಕೆಳಗೆ ಫಲ ಬರೆದಿದೆ: ಚೆನ್ನಾಗಿ ಆಗಲಿಲ್ಲ, ಹೆಣ್ಣು.

ಅದನ್ನು ಓದಿ ಸ್ವಲ್ಪ ಹೊತ್ತು ಬಿಡಿ. ಹುಡುಗಿಯರ ಮುಖ ನೋಡಿ. ಆಮೇಲೆ ಹೇಳಿ, ಈ ಫು ಹಾವ್ ಸ್ವತಃ ಸೈನ್ಯ ನಡೆಸಿದವಳು, 1976ರಲ್ಲಿ ಅವಳ ಸಮಾಧಿ ಸಿಕ್ಕಾಗ ನೂರಾರು ಕಂಚಿನ ವಸ್ತುಗಳ ಜೊತೆ ಆಯುಧಗಳೂ ಇದ್ದವು.

ಮಣ್ಣುಮುದ್ದೆ
ಮೇಷ್ಟ್ರೇ, ಮೊದಲು ಚೌಕಟ್ಟು ಅಂದೋರು ನೀವೇ ಅಲ್ವಾ?

ಹಳೇಮೇಷ್ಟ್ರು
ಕಥೆ ಬೇಡ ಅಂದಿರಲಿಲ್ಲ.

ಸೆವೆನ್_ಬಿ
ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ನಾನಿಯ ಪತ್ರ ಓದಿದೆ. ಆಮೇಲೆ ಪ್ರತಿಯೊಬ್ಬರಿಗೂ ಒಂದು ಮುದ್ದೆ ಜೇಡಿಮಣ್ಣು, ಒಂದು ಐಸ್‌ಕ್ರೀಮ್ ಕಡ್ಡಿ. ಕಡ್ಡಿಯ ದುಂಡು ತುದಿ ಕತ್ತರಿಸಿ ಮೂಲೆ ಚೌಕ ಮಾಡಿಕೊಳ್ಳಬೇಕು, ಆ ಮೂಲೆ ಒತ್ತಿದರೆ ಬೆಣೆ ಬೀಳುತ್ತದೆ. ಗೀಚಲು ಹೋದವರಿಗೆ ಮಣ್ಣು ಎದ್ದು ಬಂತು. ಒತ್ತಬೇಕು, ಗೀಚಬಾರದು ಅಂತ ಅವರೇ ಕಂಡುಕೊಂಡರು. ಅಕ್ಷರಗಳು ಯಾಕೆ ಬೆಣೆಯ ಹಾಗಿವೆ ಅಂತ ನಾನು ಹೇಳಬೇಕಾಗಲೇ ಇಲ್ಲ. ಸಂಖ್ಯೆ ಬರೆಸಿದೆ, 59ರ ತನಕ. ಅಲ್ಲಿಂದ 60ರ ಲೆಕ್ಕ, ಗಂಟೆಗೆ 60 ನಿಮಿಷ.

ನೆಲ ಪೂರ್ತಿ ಕೆಸರು. ಗುಡಿಸುವವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮುಂದಿನ ಸಲ ಹಳೇ ಪೇಪರ್ ಹಾಸುತ್ತೇನೆ.

ಹಲಗೆ ಸುಡಬೇಕಾ ಅಂತ ಒಬ್ಬಳು ಕೇಳಿದಳು. ಅಸ್ಸೀರಿಯದ ರಾಜಧಾನಿ ನಿನೆವೆಯ ಕಥೆ ಹೇಳಿದೆ. ಕ್ರಿ.ಪೂ. 612ರಲ್ಲಿ ಊರಿಗೆ ಬೆಂಕಿ ಬಿತ್ತು, ಅಲ್ಲಿ ಆಳಿದ್ದ ಅರಸ ಅಶ್ಶುರ್‌ಬನಿಪಾಲನ ಗ್ರಂಥಾಲಯದ ಹಲಗೆಗಳಲ್ಲಿ ಎಷ್ಟೋ ಆ ಬೆಂಕಿಯಲ್ಲೇ ಬೆಂದು ಗಟ್ಟಿಯಾದವು. "ಹಾಗಾದ್ರೆ ಸುಟ್ಟವರೇ ಉಳಿಸಿದ್ದು!" ಅಂದಳು.

ಪರೀಕ್ಷೆಯ ಪ್ರಶ್ನೆಯನ್ನೂ ಬದಲಿಸಿದೆ. "ಈ ನಾಗರಿಕತೆಯ ಬಗ್ಗೆ ಮೂರು ವಾಕ್ಯ ಬರೆ. ಬೇರೆ ಯಾವುದಕ್ಕೂ ಹೊಂದಬಾರದು." ಮೊದಲು ಎಲ್ಲರೂ ಪೆನ್ ಕಚ್ಚಿಕೊಂಡು ಕೂತರು. ಅರ್ಧ ಜನ ಎರಡನೇ ವಾಕ್ಯಕ್ಕೇ ನಿಂತರು. ಆ ಹುಡುಗ, ಅದೇ ನದಿಯ ದಡದವನು, ಮೆಸೊಪೊಟೇಮಿಯಕ್ಕೆ ಹೀಗೆ ಬರೆದ: "ಅಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಅದಕ್ಕೆ ಮಣ್ಣಿನ ಮೇಲೇ ಬರೆದರು. ಅದಕ್ಕೆ ಅವರ ಜಗಳ ಕೂಡ ಇನ್ನೂ ಇದೆ."

ಬೆರಳಿಟ್ಟು ನೋಡಿದೆ. ಹೊಂದಲಿಲ್ಲ.

ಸೋಮವಾರ ಸಿಂಧೂ ಕಣಿವೆ. ಗುಪ್ತ ಲಿಪಿ ರೆಡಿ ಮಾಡುತ್ತಿದ್ದೇನೆ.

ಎರಡುಮಕ್ಕಳಅಮ್ಮ
ಚಿಕ್ಕವನ ಟೀಚರ್ ಕೂಡ ಇದನ್ನೆಲ್ಲ ಓದುತ್ತಿರುವ ಹಾಗಿದೆ. ಐಸ್‌ಕ್ರೀಮ್ ಕಡ್ಡಿ ಎಷ್ಟು ಬೇಕು ಅಂತ ಈಗಲೇ ಹೇಳಿಬಿಡಿ. ರಾತ್ರಿ ಹನ್ನೊಂದಕ್ಕೆ ಹೇಳಬೇಡಿ.